ದಂಡಿನ ಹಿಂದೆ ಬಂದವರ ಲೆಕ್ಕ

ಅಮೆರಿಕದ ಮನೋವಿಜ್ಞಾನಿ ಟಿ.ಸಿ. ಶ್ನೈರ್ಲಾ 1932ರಲ್ಲಿ ಪನಾಮಾದ ಬಾರೋ ಕೊಲೊರಾಡೊ ದ್ವೀಪಕ್ಕೆ ಹೋದದ್ದು ದಂಡಿರುವೆಗಳ ಬೆನ್ನುಹತ್ತಿ. ಇವಕ್ಕೆ ಕಟ್ಟಿದ ಗೂಡು ಅಂತ ಇಲ್ಲ. ಲಕ್ಷಾಂತರ ಇರುವೆಗಳು ಒಂದರ ಕಾಲಿಗೊಂದು ಕೊಕ್ಕೆ ಹಾಕಿಕೊಂಡು ನೇತಾಡಿದರೆ ಅದೇ ಬಿಡಾರ. ಊಟ ಖಾಲಿಯಾದಾಗ ಜಾಗ ಬದಲಿಸ್ತವೆ ಅಂತ ಅಲ್ಲೀವರೆಗೆ ನಂಬಿದ್ದರು. ಶ್ನೈರ್ಲಾ ದಿನಾ ಲೆಕ್ಕ ಇಟ್ಟು ನೋಡಿದರೆ, ಎಸಿಟನ್ ಬರ್ಚೆಲಿ ಜಾತಿಯವು ಸುಮಾರು 15 ದಿನ ಊರೂರು ಸುತ್ತಿ, ಆಮೇಲೆ 20 ದಿನ ಒಂದೇ ಕಡೆ ಉಳೀತವೆ. ಲಾರ್ವಾಗಳು ಹಸಿದು ಮಿಸುಕಾಡುವಷ್ಟು ದಿನ ದಂಡು ನಡೆಯುತ್ತೆ. ಅವು ಕೋಶ ಸೇರಿದರೆ ನಿಲ್ಲುತ್ತೆ. ಸೇನಾಪತಿಯೇ ಇಲ್ಲದ ಸೈನ್ಯವನ್ನು ತೊಟ್ಟಿಲ ಕೂಸುಗಳು ಓಡಿಸ್ತಿದ್ದವು!

ಆದರೂ ನನಗೆ ಹೆಚ್ಚು ಇಷ್ಟವಾಗೋರು ಕಾರ್ಲ್ ರೆಟನ್‌ಮೇಯರ್. ಎಲ್ಲರೂ ತೇರು ನೋಡ್ತಿದ್ದಾಗ ಇವರು ತೇರಿನ ಹಿಂದೆ ಬರೋ ಪುರಿ-ಬತ್ತಾಸಿನ ಅಂಗಡಿಗಳನ್ನು ಎಣಿಸಿದರು. ದಂಡಿಗೆ ಹೆದರಿ ಹಾರುವ ಹುಳು ಹಿಡಿಯೋ ಹಕ್ಕಿಗಳು, ಆ ಹಕ್ಕಿಗಳ ಹಿಕ್ಕೆ ಹೀರೋ ಚಿಟ್ಟೆಗಳು, ಇರುವೆ ವೇಷದ ಜೀರುಂಡೆಗಳು. ಒಂದು ಮೈಟ್ ಇದೆ, ನಮ್ಮ ಉಣ್ಣೆಯ ಬಂಧು. ಎಸಿಟನ್ ಕುಲದ ಇನ್ನೊಂದು ಇರುವೆಯ ಹಿಂಗಾಲಿನ ತುದಿಗೆ ಅಂಟಿಕೊಂಡು ರಕ್ತ ಹೀರುತ್ತೆ. ಬಿಡಾರ ಕಟ್ಟುವಾಗ ಆ ಇರುವೆ ಪಕ್ಕದವರಿಗೆ ಕೊಕ್ಕೆ ಹಾಕೋದು ಈ ಮೈಟಿನ ಕಾಲುಗಳಿಂದ! ಬಾಡಿಗೆ ಕೊಡದಿದ್ದರೂ ಮನೆಗೆ ಕಂಬವಾಗಿ ನಿಂತ ಬಾಡಿಗೆದಾರ ಅನ್ನಿ. ಅದಕ್ಕೆ ಈಗ ರೆಟನ್‌ಮೇಯರ್ ಹೆಸರೇ ಇದೆ.

ಹೆಂಡತಿ ಮೇರಿಯನ್ ಜೊತೆ ಐದು ದಶಕ ದುಡಿದ ಅವರು 2009ರಲ್ಲಿ ತೀರಿಕೊಂಡರು. ಬರ್ಚೆಲಿಯ ಸಹವಾಸಿಗಳ ಪೂರ್ತಿ ಪಟ್ಟಿ ಅಚ್ಚಾಗಿದ್ದು 2011ರಲ್ಲಿ: 557 ಜಾತಿ. ಅವುಗಳಲ್ಲಿ ಸುಮಾರು 300 ಸ್ವಲ್ಪವಾದರೂ ಈ ಒಂದು ಇರುವೆಯನ್ನೇ ನೆಚ್ಚಿಕೊಂಡಿವೆ. ಒಂದೇ ಪ್ರಾಣಿಯ ಸುತ್ತ ಇಷ್ಟು ದೊಡ್ಡ ಬಳಗ ಬೇರೆಲ್ಲೂ ದಾಖಲಾಗಿರಲಿಲ್ಲ. ಪಟ್ಟಿ ಮಾಡೋದು ಗುಮಾಸ್ತರ ಕೆಲಸ ಅಂತ ಮೂಗು ಮುರಿಯೋರಿಗೆ ನಾನು ಇದನ್ನ ತೋರಿಸ್ತೀನಿ. ದಂಡು ಅಳಿದರೆ ಯಾರ್ಯಾರು ಹೋಗ್ತಾರೆ ಅನ್ನೋದು ಈ ಪಟ್ಟಿ ಇಲ್ಲದೆ ತಿಳೀತಿರಲಿಲ್ಲ.

ಬಾರೋ ಕೊಲೊರಾಡೊ ಮೊದಲು ದ್ವೀಪ ಆಗಿರಲಿಲ್ಲ, ಬೆಟ್ಟದ ನೆತ್ತಿ. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಹಾಕಿದಾಗ ಸುತ್ತ ನೀರು ನಿಂತಿತು. ದಂಡಿನ ಹಿಂದೆಯೇ ಬದುಕುತ್ತಿದ್ದ ಒಸೆಲೇಟೆಡ್ ಆಂಟ್‌ಬರ್ಡ್ ಅನ್ನೋ ಹಕ್ಕಿಯನ್ನು ಎಡ್ವಿನ್ ವಿಲ್ಲಿಸ್ ಅಲ್ಲಿ ವರ್ಷಗಟ್ಟಲೆ ಗಮನಿಸಿದರು. ಸಂಖ್ಯೆ ಇಳೀತಾ ಹೋಯಿತು. ಕೊನೆಗೆ ದ್ವೀಪದಲ್ಲಿ ಆ ಹಕ್ಕಿ ಉಳಿಯಲಿಲ್ಲ. ಇರುವೆಗಳು ಇದ್ದವು.