ಶೃಂಗೇರಿಯ ಕಾಗದಗಳು

ನೀವೇ ಕಳ್ಳತನ ಮಾಡಬೇಕಿಲ್ಲ. "ಹೋಗಿ ಮಾಡು" ಅಂತ ಇನ್ನೊಬ್ಬನಿಗೆ ಹೇಳಿದರೂ ಸಾಕು, ಕಾನೂನಿನ ಕಣ್ಣಲ್ಲಿ ಅದು ದುಷ್ಪ್ರೇರಣೆ. 1860ರ ದಂಡ ಸಂಹಿತೆಯಲ್ಲಿ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರೋ ನ್ಯಾಯ ಸಂಹಿತೆಯಲ್ಲೂ ಇದೆ. ಹೇಳಿದ ಕೆಲಸ ನಡೆಯದೇ ಹೋದರೂ ಹೇಳಿದವನಿಗೆ ಶಿಕ್ಷೆ ಆಗಬಹುದು. ಹೇಳಿದ್ದಕ್ಕೆ ಒಂದು ಕಾಗದ ಸಿಕ್ಕರಂತೂ ಪೊಲೀಸರ ಅರ್ಧ ಕೆಲಸ ಮುಗೀತು. ಕಾಗದವೇ ಇಲ್ಲದಿದ್ದರೆ?

1791ಕ್ಕೆ ಹೋಗೋಣ. ಟಿಪ್ಪು ಮೇಲೆ ಇಂಗ್ಲಿಷರು, ನಿಜಾಮ, ಮರಾಠರು ಮೂವರೂ ಒಟ್ಟಿಗೆ ಮುಗಿಬಿದ್ದ ಕಾಲ. ಪರಶುರಾಮ ಭಾವು ಪಟವರ್ಧನನ ಸೈನ್ಯದ ಜೊತೆ ಬಂದ ಪಿಂಡಾರಿಗಳು ತುಂಗೆಯ ದಡದ ಶೃಂಗೇರಿ ಮಠಕ್ಕೆ ನುಗ್ಗಿದರು. ಜನರನ್ನು ಕೊಂದರು, ಸಂಪತ್ತು ದೋಚಿದರು, ಶಾರದೆಯ ವಿಗ್ರಹವನ್ನೇ ಕದಲಿಸಿದರು. ಸ್ವಾಮಿಗಳು ಘಟ್ಟ ಇಳಿದು ಕಾರ್ಕಳ ಸೇರಬೇಕಾಯ್ತು. ಗಮನಿಸಿ, ಇದು ಪೇಶ್ವೆಯ ಕಡೆಯ ಸೈನ್ಯ. ಪಿಂಡಾರಿಗಳಿಗೆ ಸಂಬಳ ಇಲ್ಲ, ಲೂಟಿಯೇ ಸಂಬಳ. ಶೃಂಗೇರಿ ದೋಚಿ ಅಂತ ಯಾರೂ ಬರೆದುಕೊಡಬೇಕಾಗಿರಲಿಲ್ಲ. ಸಂಬಳ ಕೊಡದೆ ಕತ್ತಿ ಹಿಡಿದವರನ್ನು ಜೊತೆಗೆ ಕರ್ಕೊಂಡು ಬಂದಾಗಲೇ ಆ ಮಾತು ಹೇಳಿ ಆಗಿತ್ತು ಅನ್ನೋದು ನನ್ನ ಲೆಕ್ಕ.

ಆದರೆ ಆಮೇಲೆ ನಡೆದದ್ದಕ್ಕೆ ಕಾಗದ ಇದೆ. ಮೂರನೇ ಸಚ್ಚಿದಾನಂದ ಭಾರತಿ ಸ್ವಾಮಿಗಳು ಟಿಪ್ಪುವಿಗೆ ಬರೆದರು. ಟಿಪ್ಪು ಉತ್ತರ ಬರೆದ, ಕನ್ನಡದಲ್ಲಿ, ಜಗದ್ಗುರು ಅಂತ ಗೌರವದಿಂದ ಕರೆದು. ಇಂಥ ಪುಣ್ಯಸ್ಥಳಕ್ಕೆ ದ್ರೋಹ ಮಾಡಿದವರು ಅದರ ಫಲ ಉಣ್ಣದೇ ಬಿಡೋದಿಲ್ಲ ಅನ್ನೋದು ಅದರ ತಾತ್ಪರ್ಯ. ಶಾರದೆಯ ಪುನಃಪ್ರತಿಷ್ಠೆಗೆ ಹಣ, ಧಾನ್ಯ ಕೊಡುವಂತೆ ನಗರದ ಅಧಿಕಾರಿಗೆ ಹುಕುಂ ಹೋಯ್ತು. ಬದಲಿಗೆ ಟಿಪ್ಪು ಕೇಳಿದ್ದೂ ಇದೆ: ಶತ್ರುನಾಶಕ್ಕಾಗಿ ಜಪ, ಸಹಸ್ರ ಚಂಡಿ.

ಈ ಕಾಗದಗಳು ಮಠದ ಕಡತಗಳಲ್ಲೇ ಉಳಿದಿದ್ದವು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಕಣ್ಣಿಗೆ ಬಿದ್ದವು. ಕೊಪ್ಪ, ಎನ್.ಆರ್. ಪುರದ ಕಡೆಯಿಂದ ಶೃಂಗೇರಿಗೆ ಹೋಗುವ ಎಷ್ಟೋ ಭಕ್ತರಿಗೆ ಇದು ಇವತ್ತಿಗೂ ಗೊತ್ತಿಲ್ಲ.

2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ರದ್ದು ಮಾಡಿತು. ಆ ವರ್ಷಗಳ ಟಿವಿ ಚರ್ಚೆಗಳಲ್ಲಿ ಒಬ್ಬರು ಶೃಂಗೇರಿ ಕಾಗದ ಎತ್ತಿದರೆ, ಇನ್ನೊಬ್ಬರು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಅನುವಾದಿಸಿ ಅಚ್ಚು ಹಾಕಿದ ಟಿಪ್ಪುವಿನ ಪರ್ಷಿಯನ್ ಪತ್ರಗಳನ್ನು ಎತ್ತುತ್ತಿದ್ದರು. ಅಲ್ಲಿರೋ ಹುಕುಂಗಳು ಕಠೋರ. ಬರೆಸಿದವನು ಇಬ್ಬರ ಕೈಯಲ್ಲೂ ಒಬ್ಬನೇ, ಓದಿಸಿಕೊಂಡವರು ಮಾತ್ರ ಬೇರೆ ಬೇರೆ. ಒಂದು ಕಡೆ ಸೈನ್ಯದ ಅಧಿಕಾರಿಗಳು, ಇನ್ನೊಂದು ಕಡೆ ಗುರುಗಳು. ಎರಡನ್ನೂ ಒಟ್ಟಿಗೆ ಓದಿದವರು ಪ್ಯಾನೆಲ್‌ನಲ್ಲಿ ಕಿರುಚೋದು ಕಡಿಮೆ, ಅದಕ್ಕೇ ನಾವು ಅವರನ್ನು ಕರೆಯೋದೂ ಕಡಿಮೆ.

ಜಪ ನಡೆಯಿತು. 1792ರಲ್ಲಿ ಯುದ್ಧ ಸೋತ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಇಂಗ್ಲಿಷರಿಗೆ ಒತ್ತೆಯಿಟ್ಟ. ಆದರೂ ಶೃಂಗೇರಿಗೆ ಕಾಗದ ಬರೆಯೋದನ್ನು ಮಾತ್ರ ನಿಲ್ಲಿಸಲಿಲ್ಲ.