ಸಪ್ತಶತಿಯ ಮಂತ್ರಸಂಖ್ಯೆ ಮತ್ತು ದೇವಿಯ ಮಾತೃರೂಪ

ಶಾಕ್ತರ ಪಾರಾಯಣಗ್ರಂಥಗಳಲ್ಲಿ ಅಗ್ರಗಣ್ಯವಾದ ದೇವೀಮಾಹಾತ್ಮ್ಯವು ಮೂಲತಃ ಸ್ವತಂತ್ರ ಕೃತಿಯಲ್ಲ. ಮಾರ್ಕಂಡೇಯ ಪುರಾಣದ ಪ್ರಚಲಿತ ಪಾಠದಲ್ಲಿ 81ರಿಂದ 93ರವರೆಗೆ ಬರುವ ಹದಿಮೂರು ಅಧ್ಯಾಯಗಳೇ ಬೇರ್ಪಟ್ಟು ದುರ್ಗಾಸಪ್ತಶತಿ, ಚಂಡೀ ಎಂಬ ಹೆಸರುಗಳನ್ನು ಪಡೆದಿವೆ. ಸಪ್ತಶತಿಯೆಂದರೆ ಏಳುನೂರು. ಆದರೆ ಶ್ಲೋಕಗಳನ್ನು ಎಣಿಸುತ್ತ ಹೋದವರಿಗೆ ಏಳುನೂರು ದೊರೆಯುವುದಿಲ್ಲ, ಆರುನೂರೂ ತುಂಬುವುದಿಲ್ಲ. ಹಸ್ತಪ್ರತಿಗಳ ಸೂಚಿಯನ್ನು ಸಿದ್ಧಪಡಿಸುವವರು ಇಷ್ಟನ್ನೇ ನೋಡಿ ಪ್ರತಿಯನ್ನು ‘ಅಪೂರ್ಣ’ವೆಂದು ನಮೂದಿಸಿದರೆ, ಸಮಗ್ರವಾದ ಪ್ರತಿಯೊಂದು ಸಂಶೋಧಕರ ದೃಷ್ಟಿಯಿಂದ ಮರೆಯಾದಂತೆಯೇ ಸರಿ.

ಜೈನ ಲಿಪಿಕಾರರು ಗ್ರಂಥಾಂತ್ಯದಲ್ಲಿ ನಮೂದಿಸುವ ಗ್ರಂಥಾಗ್ರವು 32 ಅಕ್ಷರಗಳಿಗೆ ಒಂದು ಗ್ರಂಥವೆಂಬ ಅಳತೆಯದು; ಅದು ಬರಹದ ಗಾತ್ರವನ್ನು ತಿಳಿಸುತ್ತದೆ. ಸಪ್ತಶತಿಯ ಸಂಖ್ಯೆ ಈ ಜಾತಿಯದಲ್ಲ. ಅದು ಹೋಮ ಪಾರಾಯಣಗಳಿಗಾಗಿ ಮಾಡಿದ ಮಂತ್ರವಿಭಾಗ. ಪ್ರಸಿದ್ಧವಾದ ಗಣನೆಯಂತೆ ಪೂರ್ಣಶ್ಲೋಕಗಳು 535, ಮಂತ್ರವೆಂದೇ ಪರಿಗಣಿತವಾದ ಅರ್ಧಶ್ಲೋಕಗಳು 42, ‘ಉವಾಚ’ ಎಂಬ ವಕ್ತೃಸೂಚಕ ವಾಕ್ಯಗಳು 57, ಅವದಾನಗಳು 66, ಒಟ್ಟು 700. ಸಂಪ್ರದಾಯಭೇದದಿಂದ ಒಳಲೆಕ್ಕ ತುಸು ಹೆಚ್ಚುಕಡಿಮೆಯಾದರೂ ಮೊತ್ತ ಕದಲುವುದಿಲ್ಲ. ಈ ವಿಭಾಗಕ್ಕೆ ಕಾತ್ಯಾಯನೀ ತಂತ್ರವು ಆಧಾರ; 18ನೆಯ ಶತಮಾನದ ಭಾಸ್ಕರರಾಯನು ತನ್ನ ಗುಪ್ತವತೀ ವ್ಯಾಖ್ಯಾನದಲ್ಲಿ ಇದನ್ನು ವಿಚಾರಿಸಿದ್ದಾನೆ.

ಅವದಾನವೆಂದರೇನೆಂಬುದನ್ನು ಇಲ್ಲಿ ವಿವರಿಸುವುದು ಅಗತ್ಯ. ಐದನೆಯ ಅಧ್ಯಾಯದಲ್ಲಿ ದೇವತೆಗಳು ಹಿಮವತ್ಪರ್ವತಕ್ಕೆ ಹೋಗಿ ದೇವಿಯನ್ನು ಸ್ತುತಿಸುತ್ತಾರೆ. ಸರ್ವಭೂತಗಳಲ್ಲಿ ಆಕೆ ಯಾವ ಯಾವ ರೂಪದಿಂದ ನೆಲೆಸಿದ್ದಾಳೆಂಬುದನ್ನು ಹೇಳುವ 22 ಶ್ಲೋಕಗಳು ಅಲ್ಲಿವೆ. ಪ್ರತಿಯೊಂದರಲ್ಲಿಯೂ ನಮಸ್ಕಾರವು ಮೂರಾವರ್ತಿ ಬರುವುದರಿಂದ ಒಂದು ಶ್ಲೋಕವನ್ನು ಮೂರು ಮಂತ್ರಗಳಾಗಿ ಒಡೆಯುತ್ತಾರೆ. 22 ಶ್ಲೋಕಗಳು 66 ಆಗುವುದು ಹೀಗೆ. ಅರ್ಧಗಳನ್ನು ಜೋಡಿಸಿ, ಅವದಾನಗಳನ್ನು ಮತ್ತೆ ಶ್ಲೋಕಗಳಾಗಿ ಕೂಡಿಸಿದರೆ 535, 21, 22 ಸೇರಿ 578 ಆಗುತ್ತದೆ. ಪೂರ್ಣಪ್ರತಿಯಲ್ಲಿ ನಿರೀಕ್ಷಿಸಬೇಕಾದ ಶ್ಲೋಕಸಂಖ್ಯೆ ಇದೇ. ನಾಲ್ಕನೆಯ ಅಧ್ಯಾಯದ ಸ್ತುತಿಯು ದೀರ್ಘವೃತ್ತದಲ್ಲಿರುವುದರಿಂದ ಗ್ರಂಥಾಗ್ರವು ಬೇರೆಯೇ ಆಗುವುದೆಂಬುದು ಛಂದೋವಿದರಿಗೆ ಹೇಳಬೇಕಾದ ಮಾತಲ್ಲ.

ಈ 22 ಶ್ಲೋಕಗಳು ಒಂದರಿಂದೊಂದು ಬಹುಮಟ್ಟಿಗೆ ಒಂದೇ ಪದದಿಂದ ಭಿನ್ನವಾಗಿವೆ. ಲಿಪಿಕಾರನ ಕಣ್ಣು ಜಾರುವುದಕ್ಕೆ ಇದಕ್ಕಿಂತ ಸುಲಭವಾದ ಸ್ಥಳವಿಲ್ಲ. ಪುನರುಕ್ತಿಯನ್ನು ಸಂಕ್ಷೇಪಿಸಿ ಬರೆಯುವ ರೂಢಿಯೂ ಉಂಟು. ಆದರೆ ಒಂದು ರೂಪ ಬಿಟ್ಟುಹೋದರೆ ಮೂರು ಮಂತ್ರಗಳು ಕಡಿಮೆಯಾಗುತ್ತವೆ. ಭಕ್ತಿಯಿಂದ ಒಂದನ್ನು ಸೇರಿಸಿದರೆ ಮೂರು ಹೆಚ್ಚಾಗುತ್ತವೆ. ಹೀಗಾಗಿ ಎಣಿಕೆಯೇ ಪಾಠಕ್ಕೆ ಕಾವಲಾಯಿತು.

ಆ ಕಾವಲಿನಲ್ಲಿ ಉಳಿದುಬಂದ ಅನುಕ್ರಮವೂ ಗಮನಾರ್ಹವಾಗಿದೆ. ವಿಷ್ಣುಮಾಯೆಯಿಂದ ಮೊದಲಾಗಿ ಬುದ್ಧಿ, ನಿದ್ರೆ, ಹಸಿವು, ಲಜ್ಜೆ, ದಯೆ ಮುಂತಾದವು ಕಳೆದ ಮೇಲೆ ಇಪ್ಪತ್ತನೆಯದಾಗಿ ಮಾತೃರೂಪ ಬರುತ್ತದೆ. ಅದರ ಬೆನ್ನಿಗೇ ಬರುವುದು ಭ್ರಾಂತಿರೂಪ. ಜಗನ್ಮಾತೆಯೆಂದು ಪೂಜಿತಳಾದವಳ ಸ್ತುತಿಯಲ್ಲಿ ತಾಯಿತನವು ತುದಿಯಲ್ಲಿ, ಅದೂ ಭ್ರಾಂತಿಯ ಪಕ್ಕದಲ್ಲಿ ನಿಂತಿರುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಇದು ಆಕಸ್ಮಿಕವಾಗಿರಲಾರದು. ಪ್ರಥಮಾಧ್ಯಾಯದಲ್ಲಿ ರಾಜ್ಯಭ್ರಷ್ಟನಾದ ಸುರಥ, ಹೆಂಡತಿಮಕ್ಕಳಿಂದ ಹೊರದೂಡಲ್ಪಟ್ಟ ಸಮಾಧಿಯೆಂಬ ವೈಶ್ಯ, ಇವರಿಬ್ಬರೂ ತಮ್ಮನ್ನು ತೊರೆದವರಲ್ಲಿಯೇ ಮನಸ್ಸು ನೆಟ್ಟಿರುವುದೇಕೆಂದು ಮೇಧಸ್ ಋಷಿಯನ್ನು ಕೇಳುತ್ತಾರೆ. ಋಷಿಯು ಪಕ್ಷಿಗಳನ್ನು ತೋರಿಸುತ್ತಾನೆ: ತಾವು ಹಸಿದಿದ್ದರೂ ಮರಿಗಳ ಕೊಕ್ಕಿಗೆ ಕಾಳು ಹಾಕುತ್ತವೆ, ಇದು ಮೋಹ, ಮಹಾಮಾಯೆಯ ಪ್ರಭಾವ. ಮೋಹನೀಯವನ್ನು ಕರ್ಮಗಳಲ್ಲಿ ಪ್ರಬಲವಾದುದೆಂದು ಬಲ್ಲ ಜೈನ ಪಂಡಿತರಿಗೆ ಉದಾಹರಣೆ ಅಪರಿಚಿತವೆನಿಸದು. ಭೇದವಿರುವುದು ಮುಂದಿನ ಹೆಜ್ಜೆಯಲ್ಲಿ. ಜೈನಮತದಲ್ಲಿ ಅದು ಕ್ಷಯಿಸಬೇಕಾದ ಕರ್ಮ. ಇಲ್ಲಿ ದೇವಿಯದೇ ರೂಪ, ಆದ್ದರಿಂದ ವಂದ್ಯ.

ಅಂಬಿಕೆಯೆಂಬ ಹೆಸರು ಗ್ರಂಥದುದ್ದಕ್ಕೂ ಬರುವುದಾದರೂ ಮೂರು ಚರಿತಗಳಲ್ಲಿ ಎಲ್ಲಿಯೂ ದೇವಿ ಮಗುವನ್ನು ಹೆತ್ತವಳಲ್ಲ. ಇಬ್ಬರು ಪುತ್ರರೊಡನೆ ಮಾವಿನ ಗೊಂಚಲು ಹಿಡಿದಿರುವ ನೇಮಿನಾಥನ ಯಕ್ಷಿ ಅಂಬಿಕೆಗೂ ಈಕೆಗೂ ಸಿಂಹವಾಹನವನ್ನೂ ಹೆಸರನ್ನೂ ನೋಡಿ ಅಭೇದ ಕಲ್ಪಿಸುವವರು ಇದನ್ನು ಮರೆಯಬಾರದು. ಎಂಟನೆಯ ಅಧ್ಯಾಯದ ಮಾತೃಗಣವೂ ದೇವತೆಗಳ ಶರೀರದಿಂದ ಹೊರಟ ಯುದ್ಧಶಕ್ತಿಗಳೇ. ಹತ್ತನೆಯ ಅಧ್ಯಾಯದಲ್ಲಿ ಅವರೆಲ್ಲ ದೇವಿಯಲ್ಲಿ ಲೀನರಾಗುತ್ತಾರೆ. ಬಾದಾಮಿಯ ಚಾಲುಕ್ಯರು ತಮ್ಮ ಶಾಸನಗಳಲ್ಲಿ ಸಪ್ತಮಾತೃಕೆಯರಿಂದ ಪೋಷಿತರಾದವರೆಂದು ಹೇಳಿಕೊಂಡಿರುವ ಭಾವ ಇಲ್ಲಿಯದಲ್ಲ.

ಪೋಷಣೆಯ ಮಾತು ಬರುವುದು ಹನ್ನೊಂದನೆಯ ಅಧ್ಯಾಯದಲ್ಲಿ, ಅದೂ ಭವಿಷ್ಯದ ವಾಗ್ದಾನವಾಗಿ: ನೂರು ವರ್ಷಗಳ ಅನಾವೃಷ್ಟಿಯಲ್ಲಿ ತನ್ನ ದೇಹದಿಂದಲೇ ಹುಟ್ಟಿದ ಶಾಕಗಳಿಂದ ಲೋಕವನ್ನು ಸಲಹಿ ಶಾಕಂಭರಿಯೆನಿಸುವೆನೆಂದು ದೇವಿ ನುಡಿಯುತ್ತಾಳೆ. ಬಾದಾಮಿಯ ಸಮೀಪದ ಬನಶಂಕರಿಯು ಈ ಶಾಕಂಭರಿಯೆಂದೇ ಪೂಜಿತಳು. ಪುಷ್ಯಮಾಸದ ಪಲ್ಯದ ಹಬ್ಬದಲ್ಲಿ ಆಕೆಗೆ ಬಗೆಬಗೆಯ ಕಾಯಿಪಲ್ಯಗಳೇ ನೈವೇದ್ಯ.

ಕಡೆಯ ಅಧ್ಯಾಯದಲ್ಲಿ ದೇವಿ ಪ್ರತ್ಯಕ್ಷಳಾದಾಗ ಸುರಥನು ರಾಜ್ಯವನ್ನು ಬೇಡುತ್ತಾನೆ. ಹೆಂಡತಿಮಕ್ಕಳ ನೆನಪಿನಲ್ಲಿ ಕೊರಗುತ್ತಿದ್ದ ವೈಶ್ಯನು ‘ನಾನು’, ‘ನನ್ನದು’ ಎಂಬುದನ್ನು ಕಡಿಯುವ ಜ್ಞಾನವನ್ನು ಬೇಡುತ್ತಾನೆ. ದೇವಿ ಎರಡನ್ನೂ ಅನುಗ್ರಹಿಸುತ್ತಾಳೆ. ಸುರಥನು ಮುಂದೆ ಸಾವರ್ಣಿ ಮನುವಾಗುವನೆಂಬ ಮಾತಿನೊಡನೆ ಏಳುನೂರನೆಯ ಮಂತ್ರ ಮುಗಿಯುತ್ತದೆ.