ಚಪ್ಪರದ ದಿನದ ಟೇಪು

ಅಕ್ಕನ ಮದುವೆ ನಡೆದದ್ದು 2004ರ ಫೆಬ್ರವರಿಯಲ್ಲಿ. ಷಿಕಾಗೋದಿಂದ ಬಂದ ಸೋದರಮಾವ ಅಂಗೈಯಲ್ಲಿ ಕೂರುವಂಥ ಒಂದು ಮಿನಿಡಿವಿ ಕ್ಯಾಮೆರಾ ಮತ್ತು ಮೂರು ಟೇಪು ತಂದಿದ್ದರು. ಶೂಟಿಂಗ್ ಅವರದು, ಎಡಿಟಿಂಗ್ ನನ್ನದು ಎಂದು ತೀರ್ಮಾನವಾಯಿತು. ಹೊರಡುವಾಗ ಕ್ಯಾಮೆರಾ ನನ್ನ ಕೈಗೇ ಬಿಟ್ಟುಹೋದರು. ಮನೆಯಲ್ಲಿ ಕಂಪ್ಯೂಟರ್ ಇದ್ದವನು ನಾನೊಬ್ಬನೇ ಎಂಬುದು ಬಿಟ್ಟರೆ ನನಗೆ ಬೇರೆ ಅರ್ಹತೆ ಇರಲಿಲ್ಲ.

ಇವತ್ತು ಫೋನಿನಲ್ಲೇ ಕತ್ತರಿಸಿ, ಹಾಡು ಸೇರಿಸಿ ಕಳಿಸುವವರಿಗೆ ಆಗಿನ ಕೆಲಸ ವಿವರಿಸುವುದು ಸ್ವಲ್ಪ ಕಷ್ಟ. ಮಿನಿಡಿವಿಯಲ್ಲಿ ಚಿತ್ರ ಅಂಕಿಗಳಾಗಿ ದಾಖಲಾಗುತ್ತಿತ್ತು ನಿಜ, ಆದರೆ ದಾಖಲಾಗುತ್ತಿದ್ದದ್ದು 6.35 ಮಿಲಿಮೀಟರ್ ಅಗಲದ ಅಯಸ್ಕಾಂತದ ಪಟ್ಟಿಯ ಮೇಲೆ. ಕ್ಯಾಮೆರಾದೊಳಗೆ ನಿಮಿಷಕ್ಕೆ 9000 ಸುತ್ತು ತಿರುಗುವ ಪುಟ್ಟ ಉರುಳೆ, ಅದಕ್ಕೆ ಓರೆಯಾಗಿ ತಾಗಿ ಸಾಗುವ ಟೇಪು. ಅಮೆರಿಕದ ಎನ್‌ಟಿಎಸ್‌ಸಿ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೆ ಹತ್ತು ಓರೆ ಗೆರೆ. ನಮ್ಮ ಪಾಲ್ ಪದ್ಧತಿಯಲ್ಲಿ ಹನ್ನೆರಡು. ಟೇಪಾದ್ದರಿಂದ ಅದರಲ್ಲಿ ನೆಗೆತವಿಲ್ಲ. ನಲವತ್ತನೇ ನಿಮಿಷ ಬೇಕೆಂದರೆ ಅಲ್ಲಿಯವರೆಗೂ ಸುತ್ತಬೇಕು. ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು. ಇಳಿದ ಮೇಲೆ ಅದು ಹಿಡಿಯುವ ಜಾಗ ಸುಮಾರು 13 ಜಿಬಿ. ನನ್ನ ಡಿಸ್ಕು 40 ಜಿಬಿಯದು. ಮೂರು ಟೇಪು ಒಟ್ಟಿಗೆ ಇಳಿಸುವ ಮಾತೇ ಇರಲಿಲ್ಲ. ಆ ಡಿಸ್ಕಿನ ಫ್ಯಾಟ್32 ಪದ್ಧತಿಯಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ, ಅಂದರೆ ಹದಿನೆಂಟು ಹತ್ತೊಂಬತ್ತು ನಿಮಿಷಕ್ಕೊಮ್ಮೆ ತುಂಡು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಆದರೂ ಅದು ದೊಡ್ಡ ಬಿಡುಗಡೆಯೇ ಆಗಿತ್ತು. ಅಮೆರಿಕದ ಆಂಪೆಕ್ಸ್ ಕಂಪನಿ 1956ರಲ್ಲಿ ಮೊದಲ ಬಳಕೆಯೋಗ್ಯ ವಿಡಿಯೋ ಟೇಪ್ ಯಂತ್ರ ತಂದಾಗ ಟೇಪಿನ ಅಗಲ ಎರಡು ಇಂಚು. ಸಿನಿಮಾ ರೀಲನ್ನು ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತದೆ, ಟೇಪಿನಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ಮೊದಮೊದಲು ಟೆಲಿವಿಷನ್ ಸ್ಟೇಷನ್ನುಗಳಲ್ಲಿ ಕಬ್ಬಿಣದ ಸಣ್ಣ ಪುಡಿ ಬೆರೆತ ದ್ರವವನ್ನು ಟೇಪಿಗೆ ಹಚ್ಚಿ, ಮೂಡಿದ ಗೆರೆಗಳನ್ನು ಭೂತಗನ್ನಡಿಯಲ್ಲಿ ನೋಡಿ, ಬ್ಲೇಡಿನಿಂದ ಕೊಯ್ದು ಅಂಟಿಸುತ್ತಿದ್ದರು. ಆಮೇಲೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಪ್ರತಿ ಮಾಡಿ ಜೋಡಿಸುವ ಪದ್ಧತಿ ಬಂತು. ನಮ್ಮೂರ ಸ್ಟುಡಿಯೋಗಳ ಬೋರ್ಡಿನ ಮೇಲೆ 'ಮಿಕ್ಸಿಂಗ್' ಎಂದು ಬರೆದಿರುತ್ತಿದ್ದದ್ದು ಈ ಕಾಲದ ಪದ. ವಿಎಚ್‌ಎಸ್‌ನಿಂದ ವಿಎಚ್‌ಎಸ್‌ಗೆ ಇಳಿಸಿದಷ್ಟೂ ಚಿತ್ರ ಮಸುಕು. ನಡುವೆ ಒಂದು ದೃಶ್ಯ ಸೇರಿಸಬೇಕೆಂದರೆ ಅಲ್ಲಿಂದ ಮುಂದಿನದೆಲ್ಲ ಮತ್ತೆ ಮಾಡಬೇಕು. ವಧುವಿನ ಮುಖ ಹೃದಯದಾಕಾರದಲ್ಲಿ ತೇಲಿ ಗುಲಾಬಿಯೊಳಗೆ ಕರಗುವ ಆ ಮದುವೆ ಕ್ಯಾಸೆಟ್ಟುಗಳನ್ನು ನೋಡಿ ನಾವು ನಗುತ್ತೇವೆ. ಆ ಕಷ್ಟದಲ್ಲಿ ಅಷ್ಟು ಮಾಡಿದವರ ಬಗ್ಗೆ ನನಗೆ ಈಗ ಗೌರವವೇ ಇದೆ.

1995ರಲ್ಲಿ ಸೋನಿಯ ವಿಎಕ್ಸ್1000 ಡಿವಿ ಕ್ಯಾಮೆರಾ ಫೈರ್‌ವೈರ್ ಕಿಂಡಿಯೊಂದಿಗೆ ಬಂತು. ತಂತಿಯಲ್ಲಿ ಹೋಗುವುದು ಅಂಕಿಗಳಾದ್ದರಿಂದ ಎಷ್ಟು ಸಲ ಪ್ರತಿ ಮಾಡಿದರೂ ಚಿತ್ರ ಮಾಸುವುದಿಲ್ಲ. 1999ರಲ್ಲಿ ಆಪಲ್ ಕಂಪನಿ ಐಮ್ಯಾಕ್ ಡಿವಿ ಜತೆಗೆ ಐಮೂವಿ ತಂತ್ರಾಂಶ ಕೊಟ್ಟಿತು, ಮರುವರ್ಷ ವಿಂಡೋಸ್ ಮಿ ಜತೆ ಮೂವಿ ಮೇಕರ್ ಬಂತು. ಡೆನ್ಮಾರ್ಕಿನ ಥಾಮಸ್ ವಿಂಟರ್‌ಬರ್ಗ್ ಮನೆಮಂದಿ ಬಳಸುವಂಥ ಸಣ್ಣ ಡಿವಿ ಕ್ಯಾಮೆರಾದಲ್ಲೇ 'ಫೆಸ್ಟೆನ್' ತೆಗೆದು 1998ರಲ್ಲಿ ಕಾನ್ ಉತ್ಸವದಲ್ಲಿ ಬಹುಮಾನ ಪಡೆದಿದ್ದ. ಅದೂ ಒಂದು ಮನೆಯ ಸಮಾರಂಭದ ಕಥೆ. ಆಗ ನಾನದನ್ನು ನೋಡಿರಲಿಲ್ಲ. ನೋಡಿದ್ದರೆ ಹೀಗೆ ಎಡಿಟ್ ಮಾಡುತ್ತಿರಲಿಲ್ಲವೇನೋ.

ನಾನು ಮಾಡಿದ್ದು ಇಷ್ಟು. ಟೇಪು ಓಡಿಸುತ್ತಾ ನೋಟುಬುಕ್ಕಿನಲ್ಲಿ ಟೈಮ್‌ಕೋಡ್ ಬರೆದುಕೊಂಡೆ. ಡಿಸ್ಕಿನಲ್ಲಿ ಜಾಗವಿಲ್ಲವಾದ್ದರಿಂದ ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ಇಳಿಸುವ ಮುಂಚೆಯೇ ನಿರ್ಧರಿಸಬೇಕಿತ್ತು. ಆ ನೋಟುಬುಕ್ಕು ಈಗಲೂ ಇದೆ. ಮೊದಲ ಟೇಪಿನ ಪುಟದಲ್ಲಿ ನನ್ನದೇ ಅಕ್ಷರ: '18:40ರಿಂದ 31:05, ಅಜ್ಜಿ, ಮಾತು. ಬೇಡ.'

ಚಪ್ಪರದ ದಿನ ಮಧ್ಯಾಹ್ನ ಅಜ್ಜಿ ಹಿತ್ತಲ ಜಗಲಿಯಲ್ಲಿ ಹೂ ಕಟ್ಟುತ್ತಾ ಕೂತಿದ್ದಳು. ಮಾವ ಕ್ಯಾಮೆರಾ ಹಿಡಿದು ಏನೋ ಕೇಳಿದರು, ಅವಳು ತನ್ನ ಮದುವೆಯ ಕಥೆ ಹೇಳಿದಳು. ಹನ್ನೆರಡು ನಿಮಿಷ ಒಂದೇ ಕೋನ, ಒಳಗೆ ಗ್ರೈಂಡರಿನ ಸದ್ದು, ಕೈ ನಡುಗಿ ಚಿತ್ರ ಅಲುಗಾಟ. ಅದರಿಂದ ನಾಲ್ಕು ಸೆಕೆಂಡು ಮಾತ್ರ ತೆಗೆದುಕೊಂಡೆ. ಹೂ ಕಟ್ಟುವ ಬೆರಳು, ಮೇಲೆ ಮುಖ. ಅವಳ ದನಿ ತೆಗೆದು ನಾದಸ್ವರ ಹಾಕಿದೆ.

ಮುಗಿದ ಸಿನಿಮಾ 24 ನಿಮಿಷದ್ದು. ನೆಂಟರಿಗೆ ವಿಸಿಡಿ ಹಂಚಬೇಕಿತ್ತು. ವಿಸಿಡಿ ಮಾಡಿಕೊಡುವ ಅಂಗಡಿಯವರು ಟೇಪಿನಲ್ಲಿ ತನ್ನಿ ಎಂದರು. ಖಾಲಿ ಮಿನಿಡಿವಿ ಟೇಪು ನಮ್ಮೂರಿನಲ್ಲಿ ಸಿಗುತ್ತಿರಲಿಲ್ಲ. ಧಾರೆಯ ಟೇಪು, ಆರತಕ್ಷತೆಯ ಟೇಪು ಮುಟ್ಟುವ ಹಾಗಿಲ್ಲ. ಚಪ್ಪರದ ದಿನದ್ದನ್ನೇ ಮೊದಲಿಗೆ ಸುತ್ತಿ, ಕಂಪ್ಯೂಟರಿನಿಂದ ಅದರ ಮೇಲೆ ಬರೆಸಿದೆ. ಆಮೇಲೆ ಡಿಸ್ಕು ಖಾಲಿ ಮಾಡಿದೆ.

ಇಲ್ಲೊಂದು ಸಂಗತಿ ಹೇಳಬೇಕು. ಆಗ ಯುರೋಪಿನಲ್ಲಿ ಮಾರುತ್ತಿದ್ದ ಎಷ್ಟೋ ಮಿನಿಡಿವಿ ಕ್ಯಾಮೆರಾಗಳಿಗೆ ಕಂಪ್ಯೂಟರಿನಿಂದ ಮರಳಿ ಬರೆಸಿಕೊಳ್ಳುವ ಶಕ್ತಿಯನ್ನೇ ಮುಚ್ಚಿಡುತ್ತಿದ್ದರು. ಹೊರಗಿನಿಂದ ದಾಖಲಿಸಿಕೊಳ್ಳುವ ಯಂತ್ರ ಅಲ್ಲಿನ ಸುಂಕದ ಲೆಕ್ಕದಲ್ಲಿ ಕ್ಯಾಮೆರಾ ಅಲ್ಲ, ವಿಡಿಯೋ ರೆಕಾರ್ಡರು. ಅದಕ್ಕೆ ತೆರಿಗೆ ಹೆಚ್ಚು. ಮಾವ ಇದ್ದದ್ದು ಷಿಕಾಗೋದಲ್ಲಿ, ಅವರ ಕ್ಯಾಮೆರಾಕ್ಕೆ ಆ ತಡೆ ಇರಲಿಲ್ಲ. ಅವರು ಲಂಡನ್ನಿನಲ್ಲಿದ್ದಿದ್ದರೆ ಬಹುಶಃ ಟೇಪು ಹಾಗೇ ಉಳಿಯುತ್ತಿತ್ತು.

ಅಜ್ಜಿ 2009ರಲ್ಲಿ ತೀರಿಕೊಂಡಳು. ಅವಳ ದನಿ ಎಲ್ಲಿಯೂ ಇಲ್ಲ ಎಂದು ಅಮ್ಮ ಆಗಾಗ ಅನ್ನುತ್ತಿದ್ದಳು. ಅದು ಹೇಗೆ ಇಲ್ಲವಾಯಿತು ಎಂದು ನಾನು ಹೇಳಿರಲಿಲ್ಲ. ಆಮೇಲೆ ಎಷ್ಟೋ ವರ್ಷಕ್ಕೆ, ಸರಳವಾದ ಒಂದು ಲೆಕ್ಕ ಹೊಳೆಯಿತು: ಟೇಪು 60 ನಿಮಿಷದ್ದು, ಮೇಲೆ ಬರೆದದ್ದು 24 ನಿಮಿಷ. ಉಳಿದ 36 ನಿಮಿಷವನ್ನು ಯಾರೂ ಮುಟ್ಟಿಲ್ಲ.

ಅಷ್ಟರಲ್ಲಿ ಮಾವನ ಕ್ಯಾಮೆರಾ ಕೆಟ್ಟಿತ್ತು. ಇಲ್ಲಿ ಸಿಕ್ಕ ಪಾಲ್ ಕ್ಯಾಮೆರಾದಲ್ಲಿ ಅಮೆರಿಕದ ಟೇಪು ಸರಿಯಾಗಿ ಓಡಲಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಂತೂ ಫೈರ್‌ವೈರ್ ಕಿಂಡಿಯೇ ಇಲ್ಲ. ಕೊನೆಗೆ ಮಾವನೇ ಅಲ್ಲಿಂದ ಹಳೆಯದೊಂದು ಕ್ಯಾಮೆರಾ ಕೊಂಡು ಕಳಿಸಿದರು, ಗೆಳೆಯನೊಬ್ಬನ ಅಟ್ಟದ ಮೇಲಿನ ಕಂಪ್ಯೂಟರಿಗೆ ಜೋಡಿಸಿದೆವು.

'ಶುಭಂ' ಎಂದು ಬಂತು. ತೆರೆಯೆಲ್ಲ ಒಂದು ಕ್ಷಣ ಚೌಕ ಚೌಕವಾಗಿ ಒಡೆದು, ಅದರೊಳಗಿಂದ ಅಜ್ಜಿ ಮಾತಿನ ನಡುವೆ ಎದ್ದು ಬಂದಳು: "...ಳು ಬಂದಿದ್ದು ಆಮೇಲೆ. ಎರಡನೇ ಗಾಡೀಲಿ." ಮೂಲೆಯಲ್ಲಿ ಸಮಯ ಬೆಳಗಿನ ಜಾವ ಮೂರೂವರೆ. ಮಾವ ಗಡಿಯಾರ ಬದಲಿಸದೆ ಷಿಕಾಗೋ ಹೊತ್ತಿನಲ್ಲೇ ಬಿಟ್ಟಿದ್ದರು. ಬಿಸಿಲು ಬಿದ್ದ ಹಿತ್ತಲಿನಲ್ಲಿ, ಮೂರೂವರೆ ರಾತ್ರಿಯಲ್ಲಿ, ಅವಳು ಏಳು ನಿಮಿಷ ಮಾತಾಡಿದಳು. ಎತ್ತಿನ ಗಾಡಿ ಕೆಸರಲ್ಲಿ ಹೂತದ್ದು, ಗಂಡಿನ ಕಡೆಯವರು ಮುನಿಸಿಕೊಂಡದ್ದು, ಸೋಬಾನೆ ಹಾಡಿದ ಹೆಂಗಸರ ದನಿ ಆಚೆ ಊರಿಗೂ ಕೇಳಿಸಿದ್ದು. ಯಾರ್‍ಯಾರು ಹಾಡಿದರು ಎಂಬುದನ್ನು ಮೊದಲೇ ಹೇಳಿಬಿಟ್ಟಿದ್ದಾಳೆ. "ಆಗಲೇ ಹೇಳಿದ್ನಲ್ಲ, ಅವರೇ" ಅನ್ನುತ್ತಾಳೆ. ಆ ಐದು ನಿಮಿಷದ ಮೇಲೆ ನನ್ನ ಸಿನಿಮಾದ ಕೊನೆಯ ಭಾಗ, ಅಂದರೆ ಊಟದ ಪಂಕ್ತಿ, ಇದೆ.

ಅಮ್ಮ ಏಳು ನಿಮಿಷವನ್ನೂ ಎರಡು ಸಲ ಕೇಳಿದಳು, ಬೈಯಲಿಲ್ಲ. ಆಮೇಲೆ ನಾದಸ್ವರದ ಆ ನಾಲ್ಕು ಸೆಕೆಂಡು ಹಾಕು ಎಂದಳು. ಅದು ಅಳಿಸಿಹೋದ ಭಾಗದಿಂದ ತೆಗೆದದ್ದು. ದನಿಯಿಲ್ಲ, ತುಟಿಯಷ್ಟೇ ಆಡುತ್ತದೆ. ಹತ್ತಾರು ಸಲ ಹಾಕಿಸಿದಳು.

"ತುಟಿ ಎರಡು ಸಲ ಮುಚ್ತು ನೋಡೋ. ಕೊನೇಲಿ 'ಮ್ಮ' ಇದೆ. ಯಾರದೋ ಹೆಸರು ಹೇಳ್ತಿದಾಳೆ."

ಆ ತಲೆಮಾರಿನಲ್ಲಿ ಹೆಸರು 'ಅಮ್ಮ' ಎಂದು ಮುಗಿಯದ ಹೆಂಗಸು ಯಾರಿದ್ದರು? ಅಮ್ಮ ಆಗಲೇ ಬೆರಳು ಮಡಚಿ ಎಣಿಸಲು ಶುರುಮಾಡಿದ್ದಳು.